ವೈದ್ಯಕಾಯಕದ ಡಾಕ್ಟರ್ ಪಲ್ಪು

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದುದನ್ನು ಸದ್ಭಕ್ತರು ಬಲ್ಲರು. ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ನುಡಿದ ಆ ಶರಣನಿಗೆ ರೋಗಿಯ ನಾಡಿ ಹಿಡಿದು ಮದ್ದು ಕೊಡುವುದೇ ಕಾಯಕವಾಗಿತ್ತು. ಮಾಡುವ ಕೆಲಸ ಕಾಯಕವಾದ ಮೇಲೆ ಅದಕ್ಕೊಂದು ಕಟ್ಟುಪಾಡೂ ಉಂಟು. ವೈದ್ಯನು ರೋಗಿಗೆ ಸಲ್ಲಿಸಬೇಕಾದುದೇನು? ರೋಗಿಯು ಬೇಡದೆ, ಕೈಯೊಡ್ಡದೆ, ತನ್ನ ಹಕ್ಕೆಂದು ವೈದ್ಯನಿಂದ ಪಡೆಯಬೇಕಾದುದೇನು? ಈ ಪ್ರಶ್ನೆಗಳು ಕೇವಲ ತರ್ಕದ ಮಾತಾಗಿ ಉಳಿಯದೆ ಒಬ್ಬ ಮನುಷ್ಯನ ಬಾಳಿನಲ್ಲಿ ಕಠಿಣವಾದ ಪರೀಕ್ಷೆಯಾಗಿ ಬಂದ ಬಗೆಯನ್ನು ತಿಳಿಯಬೇಕಾದರೆ ಡಾಕ್ಟರ್ ಪಲ್ಪು ಅವರ ಚರಿತ್ರೆಯನ್ನು ನೋಡಬೇಕು. ಅವರು ಹುಟ್ಟಿದುದು ಮಲೆಯಾಳ ದೇಶದಲ್ಲಿ. ದುಡಿದುದು ನಮ್ಮ ಮೈಸೂರು ಸಂಸ್ಥಾನದಲ್ಲಿ.

ಪದ್ಮನಾಭನ್ ಪಲ್ಪು ಅವರು 1863ನೆಯ ಇಸವಿ ನವೆಂಬರ್ 2ರಂದು ತಿರುವನಂತಪುರದ ಪೇಟ್ಟ ಎಂಬಲ್ಲಿ ಜನಿಸಿದರು. ಅವರದು ಈಳವರ ಮನೆತನ. ಅಂದಿನ ತಿರುವಾಂಕೂರು ಸಂಸ್ಥಾನದಲ್ಲಿ ಈಳವರಿಗೆ ದೇವಾಲಯದ ಬಾಗಿಲು ಮುಚ್ಚಿತ್ತು. ದೇವಾಲಯದ ಸುತ್ತಲ ಬೀದಿಯೂ ಎಷ್ಟೋ ಕಡೆ ಮುಚ್ಚಿತ್ತು. ಸರ್ಕಾರದ ಉದ್ಯೋಗವಂತೂ ಕನಸಿನ ಮಾತು. ಆದರೆ ಆ ಕುಲದಲ್ಲಿ ವೈದ್ಯವಿದ್ಯೆ ತಲೆಮಾರುಗಳಿಂದ ಇಳಿದು ಬಂದಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಮಲಬಾರಿನ ಗಿಡಮೂಲಿಕೆಗಳ ಕುರಿತು ಹೊರತಂದ ಹೋರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥಕ್ಕೆ ತನ್ನ ಮನೆತನದ ಓಲೆಗರಿಗಳ ಜ್ಞಾನವನ್ನು ಧಾರೆಯೆರೆದ ಇಟ್ಟಿ ಅಚ್ಯುತನೆಂಬ ವೈದ್ಯನು ಈಳವನೇ. ಯೂರೋಪಿನ ಪಂಡಿತರು ತಲೆಬಾಗಿ ಕೇಳಿ ಬರೆದುಕೊಂಡ ವಿದ್ಯೆಯ ವಾರಸುದಾರನಿಗೆ ತನ್ನ ನಾಡಿನ ವೈದ್ಯಶಾಲೆಯಲ್ಲಿ ಒಂದು ಮಣೆ ದೊರೆಯಲಿಲ್ಲ.

ನಡೆದುದು ಹೀಗೆ. ಇಂಗ್ಲಿಷ್ ವಿದ್ಯಾಭ್ಯಾಸವನ್ನು ಮುಗಿಸಿದ ತರುಣ ಪಲ್ಪು 1884ರ ಸುಮಾರಿಗೆ ತಿರುವಾಂಕೂರಿನ ವೈದ್ಯಶಿಕ್ಷಣದ ಪ್ರವೇಶಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಆದರೂ ಜಾತಿ ಅಡ್ಡ ಬಂದು ಪ್ರವೇಶ ತಪ್ಪಿತು. ಅಂದಿನ ಔಷಧಗಳೆಲ್ಲ ಬಹುಮಟ್ಟಿಗೆ ನೀರಿನಲ್ಲಿ ಕಲಸಿ ಸೀಸೆಯಲ್ಲಿ ಕೊಡುವಂತಹವು. ಈಳವನ ಕೈಯಿಂದ ನೀರು ಕುಡಿಯದ ಸಮಾಜ ಈಳವನ ಕೈಯ ಮದ್ದನ್ನು ಕುಡಿದೀತೆ? ರೋಗಿಯ ಶೀಲವನ್ನು ಕಾಯುವುದಕ್ಕಾಗಿ ರೋಗಿಗೆ ವೈದ್ಯನನ್ನೇ ಇಲ್ಲದಂತೆ ಮಾಡುವ ವಿಚಿತ್ರ ನ್ಯಾಯವಿದು. ಇದರಿಂದ ನಷ್ಟವಾದುದು ಪಲ್ಪು ಒಬ್ಬರಿಗೆ ಮಾತ್ರವೇ ಎಂದು ಕೇಳಿಕೊಳ್ಳಬೇಕು.

ಪಲ್ಪು ಅವರು ಎದೆಗುಂದಲಿಲ್ಲ. ಮದರಾಸಿಗೆ ಹೋಗಿ, ಕಷ್ಟಪಟ್ಟು ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಓದಿ, ವೈದ್ಯಪದವಿಯೊಡನೆ ಊರಿಗೆ ಮರಳಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದರು. ಮೊದಲು ವಿದ್ಯೆಯಿಲ್ಲದಂತೆ ತಡೆದವರು ಈಗ ವಿದ್ಯೆಯಿದ್ದರೂ ಕೆಲಸವಿಲ್ಲವೆಂದರು. ಅವರ ಸಹೋದರ ವೇಲಾಯುಧನ್ ಅವರು ಪದವೀಧರರಾಗಿದ್ದರೂ ಅದೇ ಗತಿಯಾಗಿ, ಮದರಾಸು ಸರ್ಕಾರದ ಸೇವೆಯನ್ನು ಆಶ್ರಯಿಸಬೇಕಾಯಿತು. ಪಲ್ಪು ಅವರು ಮದರಾಸಿನಲ್ಲಿ ಕೆಲಕಾಲ ದುಡಿದು, 1891ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಬೆಂಗಳೂರಿಗೆ ಬಂದರು. ಮೈಸೂರಿನಲ್ಲಿ ಜಾತಿಯ ಬೇಗೆ ಇರಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಪದವಿಯುಳ್ಳ ವೈದ್ಯನನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸುವಷ್ಟು ಅದು ಇಲ್ಲಿ ಬೆಳೆದಿರಲಿಲ್ಲ.

ಬೆಂಗಳೂರಿನಲ್ಲಿ ಅವರಿಗೆ ಮೊದಲು ದೊರೆತ ಹೊಣೆ ಸಿಡುಬಿನ ದಾಕಿನ ರಸವನ್ನು ತಯಾರಿಸುವ ಕೆಲಸ. ಹಿಂದೆ ದಾಕು ಹಾಕುವ ಪದ್ಧತಿಯೇ ಬೇರೆಯಾಗಿತ್ತು. ದಾಕು ಹಾಕಿಸಿಕೊಂಡ ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಗೀರುತ್ತಿದ್ದರು. ಮೊದಲ ಮಗುವಿನಲ್ಲಿ ಬೇರೆ ರೋಗವಿದ್ದರೆ ಅದೂ ಜೊತೆಗೆ ಹೋಗುವ ಭಯವಿತ್ತು. ಪರಜಾತಿಯ ಮಗುವಿನ ರಸವೆಂದು ಹಿಂಜರಿಯುವವರೂ ಇದ್ದರು. ರಸ ತೆಗೆಯುವಾಗ ಮಗುವಿಗಾಗುವ ನೋವನ್ನು ಕಂಡು ತಾಯಂದಿರು ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುವುದರಲ್ಲಿ ಆಶ್ಚರ್ಯವೇನು? ಅವರನ್ನು ಮೂಢರೆಂದು ಬೈಯುವುದು ಸುಲಭ. ಅವರ ಅಂಜಿಕೆಯಲ್ಲಿ ಅರ್ಧವಾದರೂ ನಿಜವಿದ್ದಿತು. ಕರುವಿನ ಚರ್ಮದ ಮೇಲೆ ರಸವನ್ನು ಬೆಳೆಸುವ ಕ್ರಮ ಬಂದ ಮೇಲೆ ಈ ಕಾರಣಗಳಲ್ಲಿ ಬಹುಪಾಲು ನೀಗಿದುವು.

ಆದರೆ ಕರುವಿನ ರಸಕ್ಕೂ ಒಂದು ಕುಂದುಂಟು. ಬಿಸಿಲಿಗೆ ಅದು ಬೇಗ ಸತ್ತುಹೋಗುತ್ತದೆ. ಮಳವಳ್ಳಿ ಸೀಮೆಯ ಪೂರಿಗಾಲಿಯಂತಹ, ರೈಲಿನ ದಾರಿಗೆ ದೂರವಾದ ಹಳ್ಳಿಗೆ ಬಂಡಿಯಲ್ಲೋ ಕಾಲ್ನಡೆಯಲ್ಲೋ ಹೋಗಿ ಸೇರುವಷ್ಟರಲ್ಲಿ ಸೀಸೆಯೊಳಗಿನ ರಸ ನಿರ್ವೀರ್ಯವಾಗಬಹುದು. ಹಾಗೆ ಸತ್ತ ರಸವನ್ನು ಗೀರಿ, ಲೆಕ್ಕದ ಪುಸ್ತಕದಲ್ಲಿ ಇಷ್ಟು ಮಕ್ಕಳಿಗೆ ದಾಕು ಹಾಕಿತೆಂದು ಬರೆದರೆ ಮೇಲಧಿಕಾರಿಗೆ ಸಂತೋಷವಾದೀತು. ಮಾರನೆಯ ವರ್ಷ ಸಿಡುಬೆದ್ದು ಆ ಮಗು ಸತ್ತರೆ ತಂದೆತಾಯಿಗಳಿಗೆ ಉತ್ತರ ಹೇಳುವವರಾರು? ಮದ್ದಿನಲ್ಲಿ ಮದ್ದಿನ ಗುಣ ಇರುವಂತೆ ನೋಡಿಕೊಳ್ಳುವುದು ವೈದ್ಯನ ಮೊದಲನೆಯ ಋಣ. ರೋಗಿಯ ಮುಖವನ್ನೇ ಕಾಣದೆ ಬೆಂಗಳೂರಿನ ರಸಶಾಲೆಯಲ್ಲಿ ಕುಳಿತು ಪಲ್ಪು ಅವರು ಸಲ್ಲಿಸಿದುದು ಈ ಬಗೆಯ ಸೇವೆ. ಇದಕ್ಕೆ ಹೆಸರು ಬರುವುದು ಕಡಿಮೆ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಮಾರಿ ಹುಬ್ಬಳ್ಳಿಗೆ ಬಂದು, ರೈಲಿನ ಹಾದಿ ಹಿಡಿದು ಬೆಂಗಳೂರಿಗೂ ಇಳಿದಿತ್ತು. ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಂಟು ಏಳುವುದು, ಉರಿಜ್ವರ, ಮೂರು ನಾಲ್ಕು ದಿನಗಳಲ್ಲಿ ಸಾವು. ರೋಗದ ಕ್ರಿಮಿಯನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರಾದರೂ ಅದನ್ನು ಕೊಲ್ಲುವ ಮದ್ದು ಯಾರ ಬಳಿಯೂ ಇರಲಿಲ್ಲ. ಸ್ಟ್ರೆಪ್ಟೋಮೈಸಿನ್ ಬರುವುದಕ್ಕೆ ಇನ್ನೂ ಅರ್ಧ ಶತಮಾನವೇ ಬೇಕಾಗಿತ್ತು. ಇಲಿಯ ಮೈಯ ಚಿಗಟದಿಂದ ರೋಗ ಹರಡುವುದೆಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಅದೇ 1898ರಲ್ಲಿ ಹೇಳಿದರೂ ಅದು ಎಲ್ಲರಿಗೂ ಒಪ್ಪಿಗೆಯಾಗಲು ವರ್ಷಗಳೇ ಹಿಡಿದುವು. ಮನುಷ್ಯನಿಂದ ಮನುಷ್ಯನಿಗೇ ಅಂಟುವ ಜಾಡ್ಯವೆಂದು ಬಗೆದು, ಸರ್ಕಾರಗಳು ಮನುಷ್ಯನನ್ನೇ ಬೆನ್ನಟ್ಟಿದುವು.

1897ರ ಸಾಂಕ್ರಾಮಿಕ ರೋಗಗಳ ಶಾಸನವು ಬ್ರಿಟಿಷ್ ಇಂಡಿಯಾದಲ್ಲಿ ಅಧಿಕಾರಿಗಳಿಗೆ ವಿಪುಲವಾದ ಅಧಿಕಾರವನ್ನು ಕೊಟ್ಟಿತ್ತು. ಮನೆ ಹೊಕ್ಕು ಹುಡುಕುವುದು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಊರ ಹೊರಗಿನ ಶಿಬಿರಕ್ಕೂ ಸಾಗಿಸುವುದು, ಸಾಮಾನುಗಳನ್ನು ಸುಡುವುದು, ಸತ್ತವರ ದೇಹವನ್ನು ಸಂಸ್ಕಾರಕ್ಕೆ ಮುಂಚೆ ಪರೀಕ್ಷಿಸುವುದು, ಇವೆಲ್ಲ ಅಂದಿನ ಪ್ಲೇಗಿನ ಆಡಳಿತದಲ್ಲಿ ಕಂಡುಬಂದ ಕ್ರಮಗಳು. ಪೂನಾದಲ್ಲಿ ಸೋಲ್ಜರುಗಳೇ ಮನೆ ಹೊಕ್ಕು ಶೋಧಿಸಿದುದರ ಪರಿಣಾಮವಾಗಿ 1897ರ ಜೂನಿನಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡನ ಕೊಲೆಯಾಯಿತು. ಮೈಸೂರಿನಲ್ಲಿ ವಿ. ಪಿ. ಮಾಧವರಾಯರು ಪ್ಲೇಗು ಕಮೀಷನರಾಗಿ ನೇಮಕವಾದರು. ಇಲ್ಲಿಯೂ ಜನ ಸುಮ್ಮನಿರಲಿಲ್ಲ. 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ನಿಯಮಗಳ ವಿರುದ್ಧ ದೊಡ್ಡ ಗಲಭೆಯೇ ಎದ್ದಿತು. ಪೂರಿಗಾಲಿಯಿಂದ ಗಂಜಾಮು ಎತ್ತಿನ ಬಂಡಿಯಲ್ಲಿ ಎರಡು ದಿನದ ಹಾದಿ. ಅಂದು ಪೂರಿಗಾಲಿ, ಗಂಜಾಮುಗಳೆರಡೂ ಮೈಸೂರು ಜಿಲ್ಲೆಗೇ ಸೇರಿದ್ದುವು.

ಆ ಜನ ಕೇಳಿದುದೇನು? ಸಾಯುವ ತಾಯಿಯ ಬಾಯಿಗೆ ನೀರು ಬಿಡುವ ಅವಕಾಶ; ಹೆಣ್ಣುಮಕ್ಕಳ ಮೈಯನ್ನು ಅಪರಿಚಿತ ಗಂಡಸು ಮುಟ್ಟಿ ನೋಡದಿರುವ ಮರ್ಯಾದೆ; ಸತ್ತವರಿಗೆ ತಮ್ಮ ಆಚಾರದಂತೆ ಅಂತ್ಯಕ್ರಿಯೆ. ಲಿಂಗವಂತರ ಮನೆಯಲ್ಲಿ ಕೊರಳಿನ ಇಷ್ಟಲಿಂಗದೊಡನೆ ಕ್ರಿಯಾಸಮಾಧಿಯಾಗಬೇಕಾದ ದೇಹವನ್ನು ಪರರು ಬಿಚ್ಚಿ ನೋಡುವರೆಂದರೆ ಆ ಮನೆಯವರ ಸಂಕಟವನ್ನು ಊಹಿಸಬಹುದು. ಇತ್ತ ಸರ್ಕಾರದ ಕಡೆಗೂ ಒಂದು ನ್ಯಾಯವಿತ್ತು: ಒಬ್ಬನು ಬಚ್ಚಿಟ್ಟ ರೋಗ ಬೀದಿಯನ್ನೇ ಕೊಲ್ಲಬಹುದಲ್ಲವೆ? ಈ ಎರಡು ನ್ಯಾಯಗಳ ನಡುವೆ ಸಿಕ್ಕಿಬಿದ್ದವನು ವೈದ್ಯ. ಅವನ ಒಂದು ಕೈಯಲ್ಲಿ ಸರ್ಕಾರದ ಹುಕುಂ, ಇನ್ನೊಂದು ಕೈಯಲ್ಲಿ ರೋಗಿಯ ನಾಡಿ.

ಮುಂದೆ ಹಳೆಯ ಮೈಸೂರಿನ ಹಳ್ಳಿಗರು ತಾವಾಗಿಯೇ ಒಂದು ದಾರಿ ಕಂಡುಕೊಂಡರು. ಇಲಿ ಬಿದ್ದಿತೆಂದರೆ ಸಾಕು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವರು. ಇಲಿ ಮತ್ತು ಚಿಗಟಗಳಿಂದ ದೂರವಾಗುವುದೇ ಸರಿಯಾದ ಉಪಾಯವೆಂದು ಶಾಸ್ತ್ರವೂ ತರುವಾಯ ಒಪ್ಪಿತು. ಗಂಡಹೆಂಡಿರನ್ನು, ತಾಯಿಮಕ್ಕಳನ್ನು ಅಗಲಿಸದೆ ನಡೆದ ಈ ಕ್ರಮವನ್ನು ಜನ ಬಲವಂತವಿಲ್ಲದೆ ಪಾಲಿಸಿದರೆಂಬುದು ಆಡಳಿತಗಾರರು ನೆನಪಿಡಬೇಕಾದ ಸಂಗತಿ.

ಬೆಂಗಳೂರಿನ ಪ್ಲೇಗಿನ ಶಿಬಿರದ ಹೊಣೆ ಪಲ್ಪು ಅವರ ಪಾಲಿಗೆ ಬಂದಿತು. ಅನುಕೂಲವಿದ್ದವರು ನಗರವನ್ನು ಬಿಟ್ಟು ಓಡುತ್ತಿದ್ದ ಕಾಲವದು. ಪಲ್ಪು ಅವರ ಆಶ್ರಯದಲ್ಲಿದ್ದು ಬೆಂಗಳೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ ಒಬ್ಬ ತರುಣನೂ ಪ್ಲೇಗಿನಿಂದಾಗಿ ಓದನ್ನು ನಿಲ್ಲಿಸಿ ಊರು ಬಿಡಬೇಕಾಯಿತು. ಆತನೇ ಮುಂದೆ ಮಲೆಯಾಳದ ಮಹಾಕವಿ ಎನಿಸಿದ ಕುಮಾರನ್ ಆಶಾನ್. ಪಲ್ಪು ಅವರಿಗೆ ಹೋಗುವ ಹಾಗಿರಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳು. ಹೊರಗೆ ದಿನವೂ ಹೆಣಗಳು. ಗುಣಪಡಿಸುವ ಮದ್ದಿಲ್ಲವೆಂದು ತಿಳಿದೂ ರೋಗಿಯ ಬಳಿ ನಿಲ್ಲುವುದು ವೈದ್ಯನಿಗೆ ಎಲ್ಲಕ್ಕಿಂತ ಕಷ್ಟವಾದ ಕರ್ತವ್ಯ. ಗಂಟನ್ನು ಮುಟ್ಟಿ ನೋಡದೆ ಪ್ಲೇಗನ್ನು ಗುರುತಿಸುವಂತಿಲ್ಲ. ಯಾವ ಕೈ ಸೋಕಿದರೆ ಮೈಲಿಗೆಯೆಂದು ತಿರುವಾಂಕೂರು ದೂರವಿಟ್ಟಿತೋ ಆ ಕೈ ಬೆಂಗಳೂರಿನಲ್ಲಿ ಸಕಲ ಜಾತಿಯವರ ಸುಡುವ ಮೈಯನ್ನು ಸೋಕಿತು. ತಲೆಯ ಬಳಿ ಯಮನು ಕುಳಿತಿರುವಾಗ ವೈದ್ಯನ ಕುಲವನ್ನು ಕೇಳುವವರಾರು!

ಈ ಸೇವೆಯ ತರುವಾಯ ಅವರು ಯೂರೋಪಿಗೆ ಹೋಗಿ ಕೇಂಬ್ರಿಜ್, ಲಂಡನ್ನುಗಳಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದು, ಬೆಂಗಳೂರು ನಗರದ ಆರೋಗ್ಯಾಧಿಕಾರಿಯಾದರು. ಮುಂದೆ ಬರೋಡಾ ಸಂಸ್ಥಾನಕ್ಕೂ ಅವರ ಸಲಹೆ ಸಂದಿತು.

ಮೈಸೂರಿನ ಅನ್ನವನ್ನುಂಡರೂ ಅವರು ತವರನ್ನು ಮರೆಯಲಿಲ್ಲ. 1891ರಲ್ಲಿ ತಿರುವಾಂಕೂರಿನ ಉದ್ಯೋಗಗಳಲ್ಲಿ ನಾಡಿನವರಿಗೆ ಪಾಲು ಬೇಕೆಂದು ಸಲ್ಲಿಸಿದ ಮಲೆಯಾಳಿ ಮನವಿಗೆ ಸಹಿ ಹಾಕಿದವರಲ್ಲಿ ಅವರೊಬ್ಬರು. ಅದರಿಂದ ಈಳವರಿಗೆ ಏನೂ ದಕ್ಕದಿರಲು, 1896ರಲ್ಲಿ 13,176 ಜನರ ಸಹಿಯುಳ್ಳ ಬೇರೊಂದು ಮನವಿಯನ್ನು ತಾವೇ ಮುಂದಾಗಿ ಮಹಾರಾಜರಿಗೆ ಸಲ್ಲಿಸಿದರು. ಶಾಲೆಯ ಬಾಗಿಲು, ಉದ್ಯೋಗದ ಬಾಗಿಲು ತೆರೆಯಿರೆಂಬುದೇ ಅದರ ಸಾರ. ಆ ಮನವಿಗೂ ಬೇಕಾದ ಫಲ ದೊರೆಯಲಿಲ್ಲ. ಮೈಸೂರು ಸೀಮೆಯಲ್ಲಿ ಸ್ವಾಮಿ ವಿವೇಕಾನಂದರ ಭೇಟಿಯಾದಾಗ, ಆಧ್ಯಾತ್ಮದ ನೆಲೆಯುಳ್ಳ ಗುರುವನ್ನು ಮುಂದಿಟ್ಟುಕೊಂಡು ಜನವನ್ನು ಎತ್ತಬೇಕೆಂಬ ಸೂಚನೆ ಅವರಿಗೆ ದೊರೆತಿತ್ತೆಂದು ಅವರ ಚರಿತ್ರಕಾರರು ಹೇಳುವರು. ಅಂತಹ ಗುರುವು ಶ್ರೀ ನಾರಾಯಣಗುರುಗಳ ರೂಪದಲ್ಲಿ ದೊರೆತರು. ಅರುವಿಪ್ಪುರದಲ್ಲಿ ತಮ್ಮ ಕೈಯಾರ ಶಿವಲಿಂಗವನ್ನು ಪ್ರತಿಷ್ಠಿಸಿದ ಆ ಮಹನೀಯರ ಅಧ್ಯಕ್ಷತೆಯಲ್ಲಿ 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವು ಸ್ಥಾಪಿತವಾಯಿತು. ಪ್ಲೇಗಿನಿಂದ ಊರು ಬಿಟ್ಟಿದ್ದ ಕುಮಾರನ್ ಆಶಾನರೇ ಅದರ ಕಾರ್ಯದರ್ಶಿ. 1895ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪಲ್ಪು ಅವರ ಮಗ ನಟರಾಜನ್ ಮುಂದೆ ನಾರಾಯಣಗುರುಗಳ ಶಿಷ್ಯರಾಗಿ ನಟರಾಜ ಗುರುವೆಂದು ಖ್ಯಾತರಾದರು.

ತಮ್ಮನ್ನು ತಳ್ಳಿದ ನಾಡಿನಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದುದನ್ನು ಕಾಣುವಷ್ಟು ದೀರ್ಘಾಯುಷ್ಯ ಪಲ್ಪು ಅವರಿಗಿತ್ತು. 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜರು ದೇವಾಲಯಪ್ರವೇಶದ ಘೋಷಣೆಯನ್ನು ಹೊರಡಿಸಿದಾಗ ಅವರಿಗೆ ಎಪ್ಪತ್ತಮೂರು ವರ್ಷ. 1950ನೆಯ ಇಸವಿ ಜನವರಿ 25ರಂದು ಅವರು ಕಾಲವಶರಾದರು. ಮಾರನೆಯ ದಿನ ಭಾರತದ ಸಂವಿಧಾನ ಜಾರಿಗೆ ಬಂದಿತು. ಸರ್ಕಾರದ ವಿದ್ಯಾಸಂಸ್ಥೆಗೆ ಸೇರುವುದಕ್ಕೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಅದರ 29ನೆಯ ವಿಧಿಯೂ, ಸರ್ಕಾರದ ಉದ್ಯೋಗಕ್ಕೆ ತಡೆಯಕೂಡದೆಂದು 16ನೆಯ ವಿಧಿಯೂ ಅಂದಿನಿಂದ ನಾಡಿನ ಕಾನೂನಾದುವು.