ವಿಠ್ಠಲ್ ಮಲ್ಯ

ವಿಠ್ಠಲ್ ಮಲ್ಯ (8 ಫೆಬ್ರವರಿ 1924 – 13 ಅಕ್ಟೋಬರ್ 1983) ಅವರು ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಬೆಳೆದ ಯುನೈಟೆಡ್ ಬ್ರೂವರೀಸ್ ಸಮೂಹದ (ಯುಬಿ ಸಮೂಹ) ಅಧ್ಯಕ್ಷರಾಗಿದ್ದ ಉದ್ಯಮಿ. ಬ್ರಿಟಿಷರು ಕಟ್ಟಿದ ಈ ಬಿಯರ್ ಕಂಪನಿಗೆ ಅವರು ಮೊದಲ ಭಾರತೀಯ ನಿರ್ದೇಶಕರಾದರು. ಮದರಾಸಿನ ಹಳೆಯ ಮದ್ಯ ಆಮದು ಸಂಸ್ಥೆ ಮೆಕ್‌ಡೊವೆಲ್ ಅನ್ನು ಕೊಂಡು, ಅದನ್ನು ದೇಶದಲ್ಲಿಯೇ ಬ್ರಾಂದಿ, ವಿಸ್ಕಿ ಮತ್ತು ರಮ್ ತಯಾರಿಸುವ ಸಂಸ್ಥೆಯಾಗಿ ಮಾರ್ಪಡಿಸಿದರು. ಫ್ರಾನ್ಸಿನ ಬ್ರಾಂದಿ ಶ್ರೀಮಂತರಿಗೂ ದುರ್ಲಭವಾಗಿದ್ದ ಕಾಲದಲ್ಲಿ, ಮಧ್ಯಮ ವರ್ಗದವರು ಕೊಳ್ಳಬಲ್ಲ ಬೆಲೆಯ ದೇಶೀಯ ಬ್ರಾಂದಿ ದಕ್ಷಿಣ ಭಾರತದ ಮಾರುಕಟ್ಟೆಯಲ್ಲಿ ನೆಲೆಯೂರಿದ್ದಕ್ಕೆ ಅವರ ನಿರ್ಧಾರಗಳೂ ಒಂದು ಮುಖ್ಯ ಕಾರಣ. ಆಹಾರ ಸಂಸ್ಕರಣೆಯೂ ಸೇರಿದಂತೆ ಬೇರೆ ಕ್ಷೇತ್ರಗಳಲ್ಲಿಯೂ ಅವರು ಉದ್ಯಮಗಳನ್ನು ಹೊಂದಿದ್ದರು.

ಹಿನ್ನೆಲೆ ಮತ್ತು ಶಿಕ್ಷಣ

ಮಲ್ಯ ಕುಟುಂಬದ ಮೂಲ ಊರು ನೇತ್ರಾವತಿ ನದಿಯ ದಡದಲ್ಲಿರುವ ಬಂಟ್ವಾಳ. ಕೊಂಕಣಿ ಮಾತೃಭಾಷೆಯ ಗೌಡ ಸಾರಸ್ವತ ಸಮುದಾಯಕ್ಕೆ ಸೇರಿದ ಮನೆತನವಿದು. ತಂದೆ ಬಂಟ್ವಾಳ ಗಣಪತಿ ಮಲ್ಯ ಅವರು ಸೇನೆಯಲ್ಲಿ ವೈದ್ಯಾಧಿಕಾರಿಯಾಗಿದ್ದರು. ವಿಠ್ಠಲ್ ಮಲ್ಯ ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ, ಬಳಿಕ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು.

ಅಂದಿನ ಕಲ್ಕತ್ತೆ ಬ್ರಿಟಿಷ್ ವ್ಯಾಪಾರಿ ಸಂಸ್ಥೆಗಳ ರಾಜಧಾನಿಯಂತಿತ್ತು. ಸ್ವಾತಂತ್ರ್ಯ ಸಮೀಪಿಸುತ್ತಿದ್ದಂತೆ ಆ ಸಂಸ್ಥೆಗಳ ಅನೇಕ ಒಡೆಯರು ತಮ್ಮ ಪಾಲನ್ನು ಮಾರಿ ಸ್ವದೇಶಕ್ಕೆ ಮರಳಲು ಸಿದ್ಧರಾಗುತ್ತಿದ್ದರು. ಷೇರು ಮಾರುಕಟ್ಟೆಯಲ್ಲಿ ಆಸಕ್ತಿಯಿದ್ದ ಯುವಕನಿಗೆ ಅದೊಂದು ಅಪರೂಪದ ಸಂದರ್ಭವಾಗಿತ್ತು. ಸ್ವಂತ ಕಾರ್ಖಾನೆ ಕಟ್ಟುವುದಕ್ಕಿಂತ, ನಡೆಯುತ್ತಿರುವ ಕಂಪನಿಯ ಷೇರುಗಳನ್ನು ಸದ್ದಿಲ್ಲದೆ ಕೂಡಿಸಿ ಅದರ ಆಡಳಿತವನ್ನು ಪಡೆಯುವ ಮಾರ್ಗವನ್ನು ಮಲ್ಯ ಆರಿಸಿಕೊಂಡರು. ಜೀವನದುದ್ದಕ್ಕೂ ಅವರ ಉದ್ಯಮ ವಿಸ್ತರಣೆ ಬಹುಮಟ್ಟಿಗೆ ಇದೇ ರೀತಿಯಲ್ಲಿ ನಡೆಯಿತು.

ಯುನೈಟೆಡ್ ಬ್ರೂವರೀಸ್

ಯುನೈಟೆಡ್ ಬ್ರೂವರೀಸ್ 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಷ್ಮನ್ ಅವರು ದಕ್ಷಿಣ ಭಾರತದ ಐದು ಬಿಯರ್ ತಯಾರಿಕಾ ಘಟಕಗಳನ್ನು ಒಂದುಗೂಡಿಸಿ ಸ್ಥಾಪಿಸಿದ ಕಂಪನಿ. ಇವುಗಳಲ್ಲಿ ಅತ್ಯಂತ ಹಳೆಯದಾದ ಕ್ಯಾಸಲ್ ಬ್ರೂವರಿಯ ಇತಿಹಾಸ 1857ರಷ್ಟು ಹಿಂದಕ್ಕೆ ಹೋಗುತ್ತದೆ. ಬೆಂಗಳೂರು, ನೀಲಗಿರಿ ಮತ್ತು ಮದರಾಸಿನಲ್ಲಿ ನೆಲೆಸಿದ್ದ ಬ್ರಿಟಿಷ್ ಸೈನಿಕರೇ ಇದರ ಮುಖ್ಯ ಗ್ರಾಹಕರು. ಆರಂಭದ ದಿನಗಳಲ್ಲಿ ಬಿಯರನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಗಳಲ್ಲಿ ಸಾಗಿಸಲಾಗುತ್ತಿತ್ತು.

ಮಲ್ಯ 1946–47ರಲ್ಲಿ ಈ ಕಂಪನಿಯ ಷೇರುಗಳನ್ನು ಕೊಳ್ಳತೊಡಗಿದರು. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾಗಿ ಆಯ್ಕೆಯಾದರು. ಮರುವರ್ಷ ಆರ್. ಜಿ. ಎನ್. ಪ್ರೈಸ್ ಅವರ ಸ್ಥಾನದಲ್ಲಿ ಅಧ್ಯಕ್ಷರಾದರು. ಆಗ ಅವರ ವಯಸ್ಸು 24.

ಅಧಿಕಾರ ಕೈಗೆ ಬಂದ ಗಳಿಗೆ ಅನುಕೂಲಕರವಾಗಿರಲಿಲ್ಲ. ಹಳೆಯ ಗ್ರಾಹಕರಾದ ಬ್ರಿಟಿಷ್ ಸೈನಿಕರು ದೇಶ ಬಿಟ್ಟು ಹೊರಟಿದ್ದರು. ಅದೇ 1948ರ ಅಕ್ಟೋಬರ್ 2ರಂದು ಮದರಾಸು ಪ್ರಾಂತದಾದ್ಯಂತ ಪಾನನಿಷೇಧ ಜಾರಿಗೆ ಬಂದಿತು. ಮಲ್ಯರ ಪೂರ್ವಿಕರ ಊರಾದ ಬಂಟ್ವಾಳವೂ ಆಗ ಆ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1950ರಲ್ಲಿ ಬೊಂಬಾಯಿ ರಾಜ್ಯವೂ ಪೂರ್ಣ ಪಾನನಿಷೇಧವನ್ನು ಕೈಗೊಂಡಿತು. ರಾಜ್ಯಗಳು ಪಾನನಿಷೇಧಕ್ಕಾಗಿ ಪ್ರಯತ್ನಿಸಬೇಕೆಂಬ ನಿರ್ದೇಶನ ಸಂವಿಧಾನದ 47ನೆಯ ವಿಧಿಯಲ್ಲಿ ಸೇರಿತು. ಹೀಗೆ ಗ್ರಾಹಕರೂ ಇಲ್ಲದ, ಕಾನೂನಿನ ಒಲವೂ ಇಲ್ಲದ ಉದ್ಯಮವೊಂದನ್ನು ಅವರು ವಹಿಸಿಕೊಂಡಿದ್ದರು.

ಮೆಕ್‌ಡೊವೆಲ್ ಸ್ವಾಧೀನ

ಮೆಕ್‌ಡೊವೆಲ್ ಸಂಸ್ಥೆಯನ್ನು 1826ರಲ್ಲಿ ಆಂಗಸ್ ಮೆಕ್‌ಡೊವೆಲ್ ಎಂಬ ಸ್ಕಾಟ್ ವ್ಯಾಪಾರಿ ಮದರಾಸಿನಲ್ಲಿ ಆರಂಭಿಸಿದರು. ಭಾರತದಲ್ಲಿದ್ದ ಬ್ರಿಟಿಷರಿಗಾಗಿ ಮದ್ಯ, ವೈನ್ ಮತ್ತು ಸಿಗಾರ್‌ಗಳನ್ನು ಹಡಗಿನಲ್ಲಿ ತರಿಸಿ ಮಾರುವುದು ಅದರ ಕಸುಬು. 1951ರಲ್ಲಿ ಮಲ್ಯ ಈ ಸಂಸ್ಥೆಯನ್ನು ಕೊಂಡರು.

ಹೊರಗಿನಿಂದ ನೋಡುವವರಿಗೆ ಇದು ಲಾಭದ ವ್ಯವಹಾರವಾಗಿ ಕಾಣುವಂತಿರಲಿಲ್ಲ. ಮದರಾಸಿನಲ್ಲಿ ಮದ್ಯ ನಿಷೇಧವಾಗಿತ್ತು. ವಿದೇಶಿ ವಿನಿಮಯದ ಕೊರತೆಯಿಂದಾಗಿ ವಿಲಾಸದ ವಸ್ತುಗಳ ಆಮದನ್ನು ಸರ್ಕಾರ ಬಿಗಿಗೊಳಿಸುತ್ತ ಬಂದಿತ್ತು. 1957ರ ವಿದೇಶಿ ವಿನಿಮಯ ಬಿಕ್ಕಟ್ಟಿನ ಬಳಿಕ ಆಮದಿನ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಆದರೆ ಆಮದು ನಿಂತರೂ ಬೇಡಿಕೆ ನಿಲ್ಲುವುದಿಲ್ಲ ಎಂಬುದನ್ನು ಮಲ್ಯ ಗ್ರಹಿಸಿದ್ದರು. 1959ರಲ್ಲಿ ಕೇರಳದ ಚೇರ್ತಲದಲ್ಲಿ ಮೆಕ್‌ಡೊವೆಲ್ಲಿನ ಭಟ್ಟಿ ಕಾರ್ಖಾನೆ ಸ್ಥಾಪನೆಯಾಯಿತು. 1960ರ ದಶಕದ ಮೊದಲರ್ಧದಲ್ಲಿ ಸಂಸ್ಥೆ ಗೋಲ್ಡನ್ ಗ್ರೇಪ್ ಬ್ರಾಂದಿಯನ್ನೂ ನಂಬರ್ 1 ಬ್ರಾಂದಿಯನ್ನೂ ಮಾರುಕಟ್ಟೆಗೆ ತಂದಿತು. ಅದೇ ಹೆಸರಿನ ವಿಸ್ಕಿ ಬಂದದ್ದು ಆನಂತರ, 1968ರಲ್ಲಿ. ವಿಸ್ಕಿಗಿಂತ ಮೊದಲು ಬ್ರಾಂದಿಯನ್ನು ತಂದದ್ದು ದಕ್ಷಿಣದ ರುಚಿಗೆ ಹೊಂದುವ ಆಯ್ಕೆಯಾಗಿತ್ತು. ಶೀತ, ನೆಗಡಿಗೆ ಔಷಧಿಯೆಂದು ಒಂದು ಸಣ್ಣ ಸೀಸೆ ಬ್ರಾಂದಿಯನ್ನು ಕಪಾಟಿನಲ್ಲಿರಿಸುವ ವಾಡಿಕೆ ಮದ್ಯಪಾನ ಮಾಡದ ಮನೆಗಳಲ್ಲಿಯೂ ಇತ್ತು. ಈ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲವಾದರೂ ಮಾರುಕಟ್ಟೆಯ ಮೇಲೆ ಅದರ ಪ್ರಭಾವ ದೊಡ್ಡದು.

ಫ್ರೆಂಚ್ ಬ್ರಾಂದಿ ಮತ್ತು ದೇಶೀಯ ಬ್ರಾಂದಿ

ಮಲ್ಯರ ಕಂಪನಿ ತುಂಬಲು ಹೊರಟ ಜಾಗ ಎಂಥದು ಎಂದು ತಿಳಿಯಲು ಫ್ರೆಂಚ್ ಬ್ರಾಂದಿಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಬ್ರಾಂದಿ ಎಂಬುದು ದ್ರಾಕ್ಷಿಯ ವೈನನ್ನು ಭಟ್ಟಿಯಿಳಿಸಿ ಪಡೆಯುವ ಮದ್ಯ. ಸುಟ್ಟ ವೈನ್ ಎಂಬ ಅರ್ಥದ ಡಚ್ ಪದದಿಂದ ಈ ಹೆಸರು ಬಂದಿದೆ. ಫ್ರಾನ್ಸಿನ ಬ್ರಾಂದಿಗಳಲ್ಲಿ ಕೊನ್ಯಾಕ್ ಮತ್ತು ಆರ್ಮನ್ಯಾಕ್ ಪ್ರಸಿದ್ಧವಾದವು. ಕೊನ್ಯಾಕ್ ಪಟ್ಟಣದ ಸುತ್ತಲಿನ, 1909ರಲ್ಲಿ ಗಡಿ ಗುರುತಿಸಲಾದ ಪ್ರದೇಶದ ಬ್ರಾಂದಿಗೆ ಮಾತ್ರ ಆ ಊರಿನ ಹೆಸರು ಸಲ್ಲುತ್ತದೆ. ಅದನ್ನು ತಾಮ್ರದ ಭಟ್ಟಿಯಲ್ಲಿ ಎರಡು ಬಾರಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ಮಾಗಿಸಲಾಗುತ್ತದೆ. ಗ್ಯಾಸ್ಕನಿಯ ಆರ್ಮನ್ಯಾಕನ್ನು ಸಾಮಾನ್ಯವಾಗಿ ಒಂದೇ ಬಾರಿ ಇಳಿಸಲಾಗುತ್ತದೆ. ಅದರ ರುಚಿ ತುಸು ಒರಟು, ಪರಿಮಳ ಗಾಢ.

ಕೊನ್ಯಾಕಿನ ಸೀಸೆಯ ಮೇಲಿನ ಅಕ್ಷರಗಳು ಮಿಶ್ರಣದಲ್ಲಿರುವ ಅತಿ ಎಳೆಯ ಬ್ರಾಂದಿಯ ವಯಸ್ಸನ್ನು ಸೂಚಿಸುತ್ತವೆ. ವಿ.ಎಸ್. ಎಂದರೆ ಕನಿಷ್ಠ 2 ವರ್ಷ, ವಿ.ಎಸ್.ಒ.ಪಿ. ಎಂದರೆ ಕನಿಷ್ಠ 4 ವರ್ಷ ಪೀಪಾಯಿಯಲ್ಲಿ ಕಳೆದದ್ದು. ಎಕ್ಸ್.ಒ. ದರ್ಜೆಗೆ 2018ರಿಂದ ಕನಿಷ್ಠ 10 ವರ್ಷ ನಿಗದಿಯಾಗಿದೆ. ಪೀಪಾಯಿಯಲ್ಲಿರುವಾಗ ಪ್ರತಿವರ್ಷ ಒಂದಷ್ಟು ಭಾಗ ಆವಿಯಾಗಿ ಹೋಗುವುದರಿಂದ ವಯಸ್ಸಿನೊಂದಿಗೆ ಬೆಲೆಯೂ ಏರುತ್ತದೆ. ಮಿತವ್ಯಯದ ಗ್ರಾಹಕರು ಸಾಮಾನ್ಯವಾಗಿ ವಿ.ಎಸ್.ಒ.ಪಿ. ದರ್ಜೆಯಲ್ಲಿ ಗುಣ ಮತ್ತು ಬೆಲೆಗಳ ಹೊಂದಾಣಿಕೆಯನ್ನು ಕಾಣುತ್ತಾರೆ. ಕೊನ್ಯಾಕ್ ಅಥವಾ ಆರ್ಮನ್ಯಾಕ್ ಎಂಬ ಊರಿನ ಹೆಸರಿಲ್ಲದೆ ಕೇವಲ ಫ್ರೆಂಚ್ ಬ್ರಾಂದಿ ಎಂದು ಮಾರಾಟವಾಗುವ ಸೀಸೆಗಳು ಇನ್ನೂ ಅಗ್ಗ. ಆದರೆ ಅವುಗಳಿಗೆ ಕೊನ್ಯಾಕಿನ ಕಟ್ಟುನಿಟ್ಟಿನ ನಿಯಮಗಳು ಅನ್ವಯಿಸುವುದಿಲ್ಲ.

ಭಾರತದಲ್ಲಿ ಈ ಲೆಕ್ಕವೆಲ್ಲ ಆಮದು ನಿರ್ಬಂಧ ಮತ್ತು ಸುಂಕಗಳ ಮುಂದೆ ನಿಲ್ಲುತ್ತಿರಲಿಲ್ಲ. ಅಲ್ಲಿ ಸಾಧಾರಣ ಬೆಲೆಯದೆನಿಸಿದ ಸೀಸೆ ಇಲ್ಲಿ ಅಧ್ಯಾಪಕನೊಬ್ಬನ ತಿಂಗಳ ಸಂಬಳದ ದೊಡ್ಡ ಪಾಲನ್ನು ನುಂಗುವಂತಿತ್ತು. ದೇಶೀಯ ತಯಾರಕರು ಇದಕ್ಕೆ ಕಂಡುಕೊಂಡ ಉತ್ತರವೆಂದರೆ ಕಬ್ಬಿನ ಕಾಕಂಬಿಯಿಂದ ಇಳಿಸಿದ ಶುದ್ಧ ಮದ್ಯಸಾರಕ್ಕೆ ಅಲ್ಪ ಪ್ರಮಾಣದ ದ್ರಾಕ್ಷಿ ಬ್ರಾಂದಿ, ಬಣ್ಣ ಮತ್ತು ಪರಿಮಳಗಳನ್ನು ಬೆರೆಸುವುದು. ಸಕ್ಕರೆ ಕಾರ್ಖಾನೆಗಳಿರುವ ದೇಶದಲ್ಲಿ ಕಾಕಂಬಿ ಅಗ್ಗ. ವರ್ಷಗಟ್ಟಲೆ ಪೀಪಾಯಿಯಲ್ಲಿ ಬಂಡವಾಳವನ್ನು ಕಟ್ಟಿಹಾಕುವ ಅಗತ್ಯವೂ ಇಲ್ಲ. ಫ್ರೆಂಚ್ ಅಳತೆಗೋಲಿನಿಂದ ನೋಡಿದರೆ ಇಂಥ ಪಾನೀಯ ಬ್ರಾಂದಿ ಎನಿಸಿಕೊಳ್ಳಲಾರದು. ಭಾರತದಲ್ಲಿ ಮಾತ್ರ ಜನಸಾಮಾನ್ಯರಿಗೆ ಬ್ರಾಂದಿ ಎಂದರೆ ಇದೇ ಆಯಿತು.

ಪಾನನಿಷೇಧದ ಸವಾಲು

ಮಲ್ಯರ ವೃತ್ತಿಜೀವನವನ್ನು ಪಾನನಿಷೇಧದ ಇತಿಹಾಸದಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ. ಮದ್ಯವಿರೋಧಿ ಭಾವನೆ ಕರ್ನಾಟಕದಲ್ಲಿ ಸ್ವಾತಂತ್ರ್ಯ ಹೋರಾಟದೊಂದಿಗೆ ಬೆಳೆದದ್ದು. ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ನಡೆದ ಈಚಲು ಮರ ಕಡಿಯುವ ಚಳವಳಿ ಅದರ ಸ್ಮರಣೀಯ ಅಧ್ಯಾಯ. ಹೆಂಡದ ಆದಾಯವನ್ನು ಬೇರಿನಲ್ಲಿಯೇ ಕತ್ತರಿಸುವುದು ಆ ಸತ್ಯಾಗ್ರಹದ ಉದ್ದೇಶವಾಗಿತ್ತು.

ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ಮೈಸೂರು ರಾಜ್ಯದಲ್ಲಿ ಜಾರಿಯಲ್ಲಿದ್ದ ಪಾನನಿಷೇಧ ತೆರವಾಯಿತು. ನಿಷೇಧದ ನೆರಳಿನಲ್ಲಿ ಹಬ್ಬಿದ ಕಳ್ಳಭಟ್ಟಿ ಮತ್ತು ಖಜಾನೆಯ ಅಗತ್ಯ ಇಂಥ ನಿರ್ಧಾರಗಳ ಹಿಂದಿದ್ದ ಒತ್ತಡಗಳು. ತತ್ತ್ವ ಮತ್ತು ಆಡಳಿತಗಳ ನಡುವಿನ ಈ ಬಿಕ್ಕಟ್ಟು ಒಬ್ಬ ನಾಯಕರದು ಮಾತ್ರವಲ್ಲ, ಇಡೀ ರಾಜ್ಯದ್ದಾಗಿತ್ತು. ಮಲ್ಯರ ಕಂಪನಿಗಳಿಗೆ ಮಾತ್ರ ಇದರಿಂದ ತವರಿನಲ್ಲಿಯೇ ವಿಶಾಲ ಮಾರುಕಟ್ಟೆ ತೆರೆಯಿತು. ನೆರೆಯ ತಮಿಳುನಾಡು 1971ರಲ್ಲಿ ನಿಷೇಧವನ್ನು ಸಡಿಲಿಸಿ 1974ರಲ್ಲಿ ಮತ್ತೆ ಹೇರಿತು. 1977ರಲ್ಲಿ ಪ್ರಧಾನಿಯಾದ ಮೊರಾರ್ಜಿ ದೇಸಾಯಿ ಅವರು ಇಡೀ ದೇಶವನ್ನು ಪಾನಮುಕ್ತಗೊಳಿಸುವ ಸಂಕಲ್ಪ ಮಾಡಿದರು. ಒಂದು ಸಹಿಯಿಂದ ಮುಚ್ಚಿಹೋಗಬಹುದಾದ ಉದ್ಯಮದಲ್ಲಿ ಎಲ್ಲವನ್ನೂ ಹೂಡುವುದು ಅವಿವೇಕವೆಂಬುದನ್ನು ಈ ಏರಿಳಿತಗಳು ತೋರಿಸಿಕೊಟ್ಟವು.

ನಿಷೇಧದ ಪರ ಮತ್ತು ವಿರೋಧದ ವಾದಗಳೆರಡಕ್ಕೂ ಉದಾಹರಣೆಯಾದ ಘಟನೆ 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ವಿಷಪೂರಿತ ಅಗ್ಗದ ಮದ್ಯ ಸೇವಿಸಿ 300ಕ್ಕೂ ಹೆಚ್ಚು ಮಂದಿ ಸತ್ತರು. ಕುಡಿತವೇ ಕೇಡೆಂದು ಒಂದು ಪಕ್ಷವೂ, ಮುದ್ರೆಯಿರುವ ಸುರಕ್ಷಿತ ಸೀಸೆ ಬಡವರ ಕೈಗೆಟುಕದಿದ್ದರೆ ಹೀಗೆಯೇ ಆಗುವುದೆಂದು ಇನ್ನೊಂದು ಪಕ್ಷವೂ ವಾದಿಸಲು ಅದು ಆಸ್ಪದ ನೀಡಿತು. ಸತ್ತವರಲ್ಲಿ ಬಹುಪಾಲು ಜನ ದಿನಗೂಲಿಯ ಬಡವರು.

ಇತರ ಉದ್ಯಮಗಳು

ಜಾಮ್, ಸ್ಕ್ವಾಷ್ ಮತ್ತು ಸಾಸ್‌ಗಳಿಗೆ ಹೆಸರಾದ ಕಿಸಾನ್ ಸಂಸ್ಥೆಯನ್ನು ಯುಬಿ ಸಮೂಹ 1950ರಲ್ಲಿ ಕೊಂಡಿತು. ಬೆಂಗಳೂರಿನಲ್ಲಿದ್ದ ಕಿಸಾನ್ ಕಾರ್ಖಾನೆ ಆ ನಗರದ ಪರಿಚಿತ ಗುರುತಾಗಿತ್ತು. ಹರ್ಬರ್ಟ್‌ಸನ್ಸ್, ಕ್ಯಾರ್ಯೂ ಫಿಪ್ಸನ್ ಮುಂತಾದ ಹಳೆಯ ಮದ್ಯ ಸಂಸ್ಥೆಗಳೂ ಕಾಲಕ್ರಮದಲ್ಲಿ ಸಮೂಹವನ್ನು ಸೇರಿದವು. ಹೊಸ ಭಟ್ಟಿಗೆ ಪರವಾನಗಿ ದೊರೆಯುವುದು ಕಷ್ಟವಾಗಿದ್ದ ಆ ಕಾಲದಲ್ಲಿ, ಪರವಾನಗಿಯುಳ್ಳ ಹಳೆಯ ಕಂಪನಿಯನ್ನೇ ಕೊಳ್ಳುವುದು ಸುಲಭದ ದಾರಿಯಾಗಿತ್ತು. ಪ್ರತಿ ರಾಜ್ಯಕ್ಕೂ ಪ್ರತ್ಯೇಕ ಅಬಕಾರಿ ನಿಯಮ ಮತ್ತು ಗಡಿ ಸುಂಕಗಳಿದ್ದುದರಿಂದ ಆಯಾ ರಾಜ್ಯದಲ್ಲಿಯೇ ಒಂದು ಘಟಕವನ್ನು ಹೊಂದುವುದು ಲಾಭಕರವಾಗಿತ್ತು.

ವ್ಯಕ್ತಿತ್ವ

ವಿಠ್ಠಲ್ ಮಲ್ಯ ಮಿತಭಾಷಿ, ಪ್ರಚಾರದಿಂದ ದೂರವಿರುತ್ತಿದ್ದವರು. ಲೆಕ್ಕಪತ್ರಗಳ ಮೇಲೆ ಬಿಗಿಯಾದ ಹಿಡಿತ, ಖರ್ಚಿನಲ್ಲಿ ಮಿತವ್ಯಯ, ಕಂಪನಿಗಳ ಮೌಲ್ಯವನ್ನು ಅಳೆಯುವ ಸೂಕ್ಷ್ಮದೃಷ್ಟಿ ಅವರ ಗುಣಗಳೆಂದು ಪರಿಗಣಿತವಾಗಿವೆ. ತಾವು ಮಾರುತ್ತಿದ್ದ ಸೀಸೆಗಳ ಹೆಸರುಗಳು ಮನೆಮಾತಾದರೂ, ಅವುಗಳ ಒಡೆಯರ ಮುಖಪರಿಚಯ ಸಾರ್ವಜನಿಕರಲ್ಲಿ ಅನೇಕರಿಗೆ ಇರಲಿಲ್ಲ.

ನಿಧನ

ಅವರು 1983ರ ಅಕ್ಟೋಬರ್ 13ರಂದು, ತಮ್ಮ 59ನೆಯ ವಯಸ್ಸಿನಲ್ಲಿ ನಿಧನರಾದರು. ಮಗ ವಿಜಯ್ ಮಲ್ಯ 28ನೆಯ ವಯಸ್ಸಿಗೆ ಸಮೂಹದ ಅಧ್ಯಕ್ಷರಾದರು. ಸಾರ್ವಜನಿಕ ಜೀವನದ ಶೈಲಿಯಲ್ಲಿ ತಂದೆ ಮತ್ತು ಮಗ ತೀರ ಭಿನ್ನರೆಂಬುದು ಉದ್ಯಮ ವಲಯದಲ್ಲಿ ಪದೇಪದೇ ಚರ್ಚೆಗೆ ಬಂದ ವಿಷಯ.

ಸ್ಮರಣೆ ಮತ್ತು ಪ್ರಭಾವ

ಬೆಂಗಳೂರಿನ ಹಿಂದಿನ ಗ್ರಾಂಟ್ ರಸ್ತೆಗೆ ವಿಠ್ಠಲ್ ಮಲ್ಯ ರಸ್ತೆ ಎಂಬ ಹೆಸರಿಡಲಾಗಿದೆ. ಮಲ್ಯ ಆಸ್ಪತ್ರೆ ಇದೇ ರಸ್ತೆಯಲ್ಲಿದೆ. ಹಳೆಯ ಬಿಯರ್ ಕಾರ್ಖಾನೆಯಿದ್ದ ಜಾಗದಲ್ಲಿ ಯುಬಿ ಸಿಟಿ ಸಂಕೀರ್ಣ ತಲೆಯೆತ್ತಿದೆ. 1987ರಲ್ಲಿ ಅವರ ಹೆಸರಿನಲ್ಲಿ ವಿಠ್ಠಲ್ ಮಲ್ಯ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು.

ಅವರು ಕಟ್ಟಿದ ಸಂಸ್ಥೆಗಳು ಇಂದು ಕುಟುಂಬದ ಕೈಯಲ್ಲಿಲ್ಲ. ಕಿಸಾನ್ 1993ರಲ್ಲಿ ಮಾರಾಟವಾಯಿತು. ಮೆಕ್‌ಡೊವೆಲ್ಲಿನ ಉತ್ತರಾಧಿಕಾರಿಯಾದ ಯುನೈಟೆಡ್ ಸ್ಪಿರಿಟ್ಸ್ ಬ್ರಿಟನ್ನಿನ ಡಿಯಾಜಿಯೊ ಸಂಸ್ಥೆಯ ಅಧೀನಕ್ಕೆ ಹೋಯಿತು. ಯುನೈಟೆಡ್ ಬ್ರೂವರೀಸ್ 2021ರಲ್ಲಿ ನೆದರ್ಲೆಂಡ್ಸಿನ ಹೈನೆಕೆನ್ ನಿಯಂತ್ರಣಕ್ಕೆ ಬಂದಿತು. ವಿದೇಶಿಯರಿಂದ ಷೇರು ಷೇರಾಗಿ ಕೊಂಡದ್ದು ಏಳು ದಶಕಗಳ ನಂತರ ಮತ್ತೆ ವಿದೇಶಿಯರ ಕೈಸೇರಿದಂತಾಯಿತು.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಬಳಿಕ, ಹಳ್ಳಿಗಳಲ್ಲಿ ಅದರ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡದ್ದು ಅಗ್ಗದ ಬ್ರಾಂದಿ, ವಿಸ್ಕಿಗಳ ಸಣ್ಣ ಪೊಟ್ಟಣಗಳು. ಫ್ರೆಂಚ್ ಬ್ರಾಂದಿಗೆ ಬದಲಿಯಾಗಿ ನಗರದ ಮಧ್ಯಮ ವರ್ಗವನ್ನು ಉದ್ದೇಶಿಸಿ ಹುಟ್ಟಿದ ಪಾನೀಯದ ಬಗೆಯೊಂದು ಹೀಗೆ ಕೂಲಿಕಾರರ ನಿತ್ಯದ ಮದ್ಯವೂ ಆಯಿತು. ಇದು ಮಲ್ಯರ ಕಾಲಾನಂತರದ ಬೆಳವಣಿಗೆ. ಆದರೂ ದೇಶೀಯ ಮದ್ಯೋದ್ಯಮವನ್ನು ರೂಪಿಸಿದವರಲ್ಲಿ ಒಬ್ಬರಾಗಿ ಅವರ ಕೊಡುಗೆಯನ್ನು ಅಳೆಯುವಾಗ, ಉದ್ಯೋಗ ಮತ್ತು ರಾಜ್ಯದ ಅಬಕಾರಿ ವರಮಾನಗಳ ಜೊತೆಗೆ ಈ ಸಾಮಾಜಿಕ ಪರಿಣಾಮವನ್ನೂ ತಕ್ಕಡಿಯಲ್ಲಿ ಇಡಬೇಕಾಗುತ್ತದೆ.