108 ಅಡಿ ಎತ್ತರದಿಂದ ಕಾಣದ ಕೆಂಪೇಗೌಡರು

ಬೆಂಗಳೂರು ಕಟ್ಟಿದವರ ಸಮಾಧಿ ಎಲ್ಲಿದೆ ಅನ್ನೋದು 2015ರವರೆಗೆ ಬೆಂಗಳೂರಿಗೇ ಗೊತ್ತಿರಲಿಲ್ಲ. ಆ ವರ್ಷ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಕಲ್ಲಿನ ಗೋಪುರ, ಅದರಲ್ಲೊಂದು ಪುಟ್ಟ ಶಾಸನ ಸಂಶೋಧಕರ ಕಣ್ಣಿಗೆ ಬಿತ್ತು. ಅದಾಗಿ ಏಳೇ ವರ್ಷಕ್ಕೆ, 2022ರ ನವೆಂಬರ್ 11ರಂದು, ದೇವನಹಳ್ಳಿಯ ವಿಮಾನ ನಿಲ್ದಾಣದ ಆವರಣದಲ್ಲಿ ಅವರದ್ದೇ 108 ಅಡಿಯ ಕಂಚಿನ ಪ್ರತಿಮೆ ಎದ್ದು ನಿಂತಿತು. ಸಮಾಧಿ ಮರೆತಿದ್ದ ಊರು ಪ್ರತಿಮೆಗೆ ಇಷ್ಟು ಅವಸರ ಮಾಡಿದ್ದು ಯಾಕೆ ಅನ್ನೋದು ರಾಜಕೀಯ ಬಲ್ಲ ಎಲ್ಲರಿಗೂ ಗೊತ್ತು, ಬಿಡಿ. ಆದರೆ ಆ ಕಂಚಿನೊಳಗೆ ಹಿಡಿಸದೆ ಉಳಿದುಹೋದ ಬದುಕೊಂದಿದೆ.

ಹಿರಿಯ ಕೆಂಪೇಗೌಡರು ಹುಟ್ಟಿದ್ದು 1510ರ ಸುಮಾರಿಗೆ, ಯಲಹಂಕ ನಾಡಪ್ರಭುಗಳ ಮನೆಯಲ್ಲಿ. ಮೂಲಪುರುಷ ರಣಭೈರೇಗೌಡ ಕಂಚಿ ಸೀಮೆಯಿಂದ ವಲಸೆ ಬಂದು ಆವತಿಯಲ್ಲಿ ನೆಲೆನಿಂತವನು ಅಂತ ಮನೆತನದ ಐತಿಹ್ಯವೇ ಹೇಳುತ್ತದೆ. ಗಂಗಾಗೌರಿ ವಿಲಾಸ ಅನ್ನೋ ಯಕ್ಷಗಾನ ಕೆಂಪೇಗೌಡರ ಹೆಸರಿನಲ್ಲಿದೆ. ಅದರ ಭಾಷೆ ತೆಲುಗು. ಹೊರಗಿನವರು ಯಾರು, ಒಳಗಿನವರು ಯಾರು ಅಂತ ವಾರಕ್ಕೊಮ್ಮೆ ಟ್ರೆಂಡ್ ಮಾಡುವ ನಾವು ಈ ಎರಡು ಸಂಗತಿಗಳನ್ನು ಜಯಂತಿಯ ಬ್ಯಾನರ್‌ನಲ್ಲಿ ಹಾಕುವುದಿಲ್ಲ. ಕನ್ನಡ ನಾಡಿನ ನಾಡಪ್ರಭು ತೆಲುಗಿನಲ್ಲೂ ಬರೆದರೆ ಅವರ ಕನ್ನಡತನ ಎಲ್ಲಿಗೂ ಹೋಗುವುದಿಲ್ಲ. ಆ ಕಾಲದ ಗಡಿಸೀಮೆ ಇದ್ದದ್ದೇ ಹಾಗೆ.

1537ರಲ್ಲಿ ಬೆಂಗಳೂರು ಹುಟ್ಟಿತು ಅನ್ನೋದೂ ಅರ್ಧ ಸತ್ಯ. ಬೇಗೂರಿನ ವೀರಗಲ್ಲು ಸುಮಾರು 890ರಲ್ಲೇ ಬೆಂಗಳೂರಿನ ಕಾಳಗದ ಮಾತಾಡುತ್ತದೆ. ಕೆಂಪೇಗೌಡರು ಹಾಕಿದ್ದು ಹೊಸ ಪೇಟೆ, ಅದರ ಸುತ್ತ ಮಣ್ಣಿನ ಕೋಟೆ. ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದರು ಅನ್ನೋ ಕತೆ ನಮಗೆಲ್ಲ ಬಾಯಿಪಾಠ. ಎಂಜಿನಿಯರಿಂಗ್ ಓದಿದವನಾಗಿ ಆ ಪ್ಲ್ಯಾನ್ ಬಗ್ಗೆ ನನಗೆ ಈಗಲೂ ಬೆರಗಿದೆ. ಎತ್ತರ ತಗ್ಗು ನೋಡಿ ಕೆರೆ, ಕೆರೆ ನೋಡಿ ಪೇಟೆ. ಆದರೆ ಬೀದಿಗಳ ಹೆಸರು ಓದುತ್ತಾ ಹೋಗಿ: ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಕಸುಬು ಅಂದರೆ ಜಾತಿ, ಜಾತಿಗೊಂದು ಬೀದಿ. ನಗರ ಯೋಜನೆಯ ಜಾಣ್ಮೆ ಅಂತ ನಾವು ಹೊಗಳುವುದೇ ಜಾತಿಯ ನಕ್ಷೆಯೂ ಹೌದು. ಆ ಕಾಲದ ಊರುಗಳೆಲ್ಲ ಹೀಗೇ ಇದ್ದವು, ಒಪ್ಪೋಣ. ಹಾಗಂತ ನಕ್ಷೆಯನ್ನು ಅರ್ಧ ಮಾತ್ರ ಓದಬೇಕಾಗಿಲ್ಲ. ಇನ್ನು ಅವರ ಕಾಲದ ಕೆರೆ ಅಂತ ಹೇಳುವ ಧರ್ಮಾಂಬುಧಿಯ ಅಂಗಳದಲ್ಲೇ ಇವತ್ತಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಕೆರೆ ಮುಚ್ಚಿ ನಿಲ್ದಾಣ ಮಾಡಿ, ಅದಕ್ಕೆ ಕೆಂಪೇಗೌಡರ ಹೆಸರಿಟ್ಟಿದ್ದೇವೆ.

ಕೋಟೆಯ ಕತೆಯಲ್ಲಿ ಒಂದು ಹೆಣ ಇದೆ. ಹೆಬ್ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತಂತೆ. ಬಸುರಿಯ ಬಲಿ ಬೇಕು ಅಂದರಂತೆ. ಗೌಡರು ಒಪ್ಪಲಿಲ್ಲವಂತೆ. ಸೊಸೆ ಲಕ್ಷ್ಮಮ್ಮ ರಾತ್ರಿ ಯಾರಿಗೂ ಹೇಳದೆ ಹೋಗಿ ತಾನೇ ಕತ್ತು ಕೊಯ್ದುಕೊಂಡಳಂತೆ, ಬೆಳಗಾಗುವಷ್ಟರಲ್ಲಿ ಬಾಗಿಲು ಗಟ್ಟಿಯಾಗಿ ನಿಂತಿತ್ತಂತೆ. ಕೋರಮಂಗಲದಲ್ಲಿ ಅವಳ ಹೆಸರಿನ ಗುಡಿ ಇದೆ. ಇದು ಐತಿಹ್ಯವೇ ಹೊರತು ದಾಖಲೆಯಲ್ಲ. ಆದರೂ ಕತೆ ಯಾರನ್ನು ಕಾಪಾಡುತ್ತಿದೆ ನೋಡಿ. ಬೇಡ ಅಂದದ್ದು ಮಾವ, ಬಯಸಿ ಸತ್ತದ್ದು ಸೊಸೆ, ಹೊಣೆ ಯಾರದ್ದೂ ಅಲ್ಲ. ಕೆರೆಗೆ ಹಾರದ ಭಾಗೀರಥಿಯನ್ನು ಬಲ್ಲ ಕನ್ನಡಿಗರಿಗೆ ಈ ದಾರಿ ಹೊಸದಲ್ಲ. ನಮ್ಮ ಕತೆಗಳಲ್ಲಿ ಕಲ್ಲು ನಿಲ್ಲಬೇಕಾದಾಗಲೂ ನೀರು ಬರಬೇಕಾದಾಗಲೂ ಮನೆಗೆ ಬಂದ ಹೆಣ್ಣೇ ಒಪ್ಪಿಕೊಳ್ಳುತ್ತಾಳೆ. ಲಕ್ಷ್ಮಮ್ಮನನ್ನು ತ್ಯಾಗಮಯಿ ಅಂದು ಹಾರ ಹಾಕುವ ಮುಂಚೆ, ಅವಳಿಗೆ ಬೇಡ ಅನ್ನುವ ಅವಕಾಶ ಇತ್ತಾ ಅಂತ ಯಾರಾದರೂ ಕೇಳಿದ್ದಾರಾ?

ಜಯಂತಿ ಭಾಷಣಗಳಲ್ಲಿ ತಪ್ಪದೆ ಬರುವ ಇನ್ನೊಂದು ಮಾತು ಬೆರಳಿನದ್ದು. ಮೊರಸು ಒಕ್ಕಲಿಗ ಹೆಂಗಸರು ಬಂಡಿ ದೇವರ ಹರಕೆಗೆ ಬೆರಳ ಗೆಣ್ಣು ಕತ್ತರಿಸಿಕೊಡುವ ಪದ್ಧತಿ ಇತ್ತು, ಕೆಂಪೇಗೌಡರು ಅದನ್ನು ನಿಲ್ಲಿಸಿದರು ಅಂತ. ನಿಲ್ಲಿಸಲು ಹೊರಟಿದ್ದರೆ ಅದು ದೊಡ್ಡ ಮಾತೇ. ಸ್ವಂತ ಸಮುದಾಯದ ಆಚರಣೆಗೆ ಕೈ ಹಾಕುವ ಧೈರ್ಯ ಇವತ್ತಿನ ಎಷ್ಟು ನಾಯಕರಿಗಿದೆ? ಆದರೆ ಅದು ನಿಲ್ಲಲಿಲ್ಲ. ಅವರು ಸತ್ತು ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1810ರಲ್ಲಿ ಪ್ರಕಟವಾದ ಮೈಸೂರಿನ ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಅದೇ ಪದ್ಧತಿಯನ್ನು ದಾಖಲಿಸಿದ್ದಾನೆ. ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿ ಎರಡು ಬೆರಳ ಗೆಣ್ಣು ಕೊಡಬೇಕಿತ್ತು. ಅವನು ಹೆಸರಿಸಿದ ಊರು ದೇವನಹಳ್ಳಿ, ಅಂದರೆ ಈಗ ಪ್ರತಿಮೆ ನಿಂತಿರುವ ಸೀಮೆಯೇ. ಒಬ್ಬ ಪ್ರಭುವಿನ ಆಜ್ಞೆಯಿಂದ ಪಿಡುಗು ಮುಗಿಯಿತು ಅಂದುಬಿಟ್ಟರೆ, ಆಮೇಲೂ ತಲೆಮಾರುಗಟ್ಟಲೆ ಬೆರಳು ಕೊಟ್ಟ ಹೆಂಗಸರು ಚರಿತ್ರೆಯಿಂದಲೇ ಮಾಯವಾಗುತ್ತಾರೆ.

ಗೌಡರ ಸ್ವಂತ ಸಂಕಟವನ್ನೂ ನಾವು ಬೇಗ ದಾಟಿಬಿಡುತ್ತೇವೆ. ವಿಜಯನಗರದ ಅಚ್ಯುತರಾಯ ಅವರನ್ನು ಮೆಚ್ಚಿ ಬೇಗೂರು, ಹಲಸೂರು, ವರ್ತೂರು, ಜಿಗಣಿ, ಕೆಂಗೇರಿ ಮುಂತಾದ ಹೋಬಳಿಗಳನ್ನು ಬಿಟ್ಟುಕೊಟ್ಟಿದ್ದ. ಆಮೇಲೆ ಅಪ್ಪಣೆ ಇಲ್ಲದೆ ಸ್ವಂತ ನಾಣ್ಯ ಟಂಕಿಸಿದರು ಅನ್ನೋ ದೂರು ಹಂಪಿಗೆ ಹೋಯಿತು. ದೂರು ಕೊಟ್ಟವರು ನೆರೆಯ ಪಾಳೆಯಗಾರರು. ಸೀಮೆ ಮುಟ್ಟುಗೋಲಾಯಿತು, ಗೌಡರು ಐದು ವರ್ಷ ಆನೆಗೊಂದಿಯ ಸೆರೆಯಲ್ಲಿದ್ದರು, ದಂಡ ಕಟ್ಟಿ ಹೊರಬಂದರು ಅನ್ನುತ್ತಾರೆ. ನನಗೆ ಅವರು ಮನುಷ್ಯರಾಗಿ ಕಾಣುವುದು ಇಲ್ಲಿ. ನಾಣ್ಯ ಹಾಕುವುದು ಅಂದರೆ ದೊರೆಯಾಗುವ ಆಸೆ. ಅದು ಸಿಕ್ಕಿಬಿದ್ದಿತು. ಆಮೇಲೆ ಮತ್ತದೇ ಒಡೆಯನ ಕೆಳಗೆ ತಲೆ ತಗ್ಗಿಸಿ ಕೆಲಸ. ಕತ್ತಿ ಹಿಡಿದು ನಿಂತ ಪ್ರತಿಮೆಯಲ್ಲಿ ಈ ಐದು ವರ್ಷಕ್ಕೆ ಜಾಗ ಇಲ್ಲ.

ಅವರು ತೀರಿಕೊಂಡದ್ದು 1569ರಲ್ಲಿ, ಅಂದರೆ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತು ನಾಲ್ಕು ವರ್ಷಕ್ಕೆ. ಕುಣಿಗಲ್ ಕಡೆಯಿಂದ ಹಿಂತಿರುಗುವಾಗ ಕೆಂಪಾಪುರದ ಬಳಿ ನಡೆದ ಕಾಳಗದಲ್ಲಿ ಬಿದ್ದರು ಅನ್ನೋದು ಸಮಾಧಿ ಸಿಕ್ಕ ಮೇಲೆ ಕೇಳಿಬಂದ ವಿವರ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ್ ಬೆಂಗಳೂರು ಹಿಡಿದ. ವಂಶದವರು ಮಾಗಡಿಗೆ ಸರಿದರು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಸಾವನದುರ್ಗವನ್ನೂ ವಶಪಡಿಸಿಕೊಂಡು ಕೊನೆಯ ಗೌಡರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅವರು ಅಲ್ಲೇ ಸತ್ತರು. ಅವರನ್ನು ಮುಗಿಸಿದವರು ದೂರದ ಸುಲ್ತಾನರಲ್ಲ, ಕನ್ನಡದ್ದೇ ರಾಜ್ಯ. ಈ ಸಾಲು ಭಾಷಣಗಳಲ್ಲಿ ಬರುವುದು ಅಪರೂಪ.

ಪಾಳೆಯಪಟ್ಟು ಹೋದ ಮೇಲೆ ಹಿರಿಯರ ಸಮಾಧಿಗೆ ದೀಪ ಹಚ್ಚುವವರು ಯಾರು ಉಳಿದಿದ್ದರೋ. ಕೋಟೆಯ ಮಣ್ಣು ಕರಗಿತು, ಶಾಸನಕ್ಕೆ ಧೂಳು ಹಿಡಿಯಿತು. ಊರಿನ ಹೆಸರಲ್ಲಿ ಮಾತ್ರ ಕೆಂಪ ಉಳಿದಿದ್ದ.