ದಿವಾನ್ ಶೇಷಾದ್ರಿ ಅಯ್ಯರ್

ಆಲೂರು ತಾಲ್ಲೂಕಿನ ಕುಂದೂರಿನ ಸುತ್ತಣ ಗುಡ್ಡಗಳಲ್ಲಿ ಸುರಿಯುವ ಮಳೆನೀರು ಹಳ್ಳತೊರೆಗಳಾಗಿ ಹರಿದು ಹೇಮಾವತಿಯನ್ನು ಸೇರುತ್ತದೆ; ಹೇಮಾವತಿಯು ಕಾವೇರಿಯಲ್ಲಿ ಬೆರೆಯುತ್ತದೆ. ಕಾವೇರಿಯು ಶಿವನಸಮುದ್ರದಲ್ಲಿ ಕಡಿದಾದ ಬಂಡೆಗಳಿಂದ ಕೆಳಕ್ಕೆ ಧುಮುಕುತ್ತದೆ. ಈ ಜಲಶಕ್ತಿಯನ್ನು ನಾಡಿನ ಸಂಪತ್ತಾಗಿ ಮಾಡಲು ಸಂಕಲ್ಪಿಸಿದವರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್.

ಅವರು 1845ರಲ್ಲಿ ಮಲಬಾರಿನ ಪಾಲಕ್ಕಾಡಿನ ಬಳಿ ಜನಿಸಿದರು. ಮದರಾಸಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ರಂಗಾಚಾರ್ಲು ಅವರ ತರುವಾಯ 1883ರಲ್ಲಿ ದಿವಾನರಾಗಿ ಹದಿನೆಂಟು ವರ್ಷ ರಾಜ್ಯಭಾರದ ಹೊಣೆಯನ್ನು ಹೊತ್ತರು.

ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರಗಳನ್ನು ನಂಬಿಕೊಂಡಿದ್ದವು. ಅಲ್ಲಿಗೆ ಶಿವನಸಮುದ್ರದಿಂದ ವಿದ್ಯುತ್ತನ್ನು ಒಯ್ಯಲು ಸುಮಾರು 92 ಮೈಲಿ ತಂತಿ ಎಳೆಯಬೇಕಾಗಿತ್ತು. ಅಂತಹ ಕಾರ್ಯದ ಅನುಭವ ಸಂಸ್ಥಾನದಲ್ಲಿ ಯಾರಿಗೂ ಇರಲಿಲ್ಲ. ಯಂತ್ರಗಳನ್ನಷ್ಟೇ ಅಲ್ಲ, ಅವುಗಳನ್ನು ನಿಲ್ಲಿಸಿ ನಡೆಸಬಲ್ಲ ತಜ್ಞರ ಸೇವೆಯನ್ನೂ ಪರದೇಶದಿಂದ ಪಡೆಯಬೇಕಾಗಿತ್ತು. ತಾನರಿಯದ ವಸ್ತುವನ್ನು ಕೊಳ್ಳುವವನು ಮಾರುವವನ ಮಾತಿಗೆ ಮರುಳಾಗುವುದು ಸುಲಭ. ಸಂಸ್ಥಾನವಾದರೋ ಗಣಿಗಳಿಗೆ ವಿದ್ಯುತ್ ಒದಗಿಸುವ ಹೊಣೆಯನ್ನೂ ಹೊರಬೇಕಾಗಿತ್ತು. ಯಂತ್ರ ಒದಗಿಸುವವರು ತಪ್ಪಿದರೆ ಸಂಸ್ಥಾನವೇ ಮಾತಿಗೆ ತಪ್ಪಿದಂತಾಗುತ್ತಿತ್ತು.

ಆದುದರಿಂದ ದಿವಾನರು ಆತುರಪಡಲಿಲ್ಲ. ಸಂಸ್ಥಾನದ ಎಂಜಿನಿಯರಾಗಿದ್ದ ಜೋಲಿ ದ ಲಾಟ್‌ಬಿನಿಯರ್ ಅವರನ್ನು ಯೂರೋಪು, ಅಮೆರಿಕಗಳಿಗೆ ಕಳುಹಿಸಿದರು. ಅವರು ಅಲ್ಲಿನ ವಿದ್ಯುದಾಗಾರಗಳನ್ನು ಕಂಡು ಬಂದರು. ಹಲವು ಕಂಪನಿಗಳ ಟೆಂಡರುಗಳನ್ನು ತೂಗಿ ನೋಡಿದ ಮೇಲೆ ವಿದ್ಯುತ್ ಯಂತ್ರಗಳ ಕೆಲಸವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೂ, ನೀರಿನಿಂದ ತಿರುಗುವ ಟರ್ಬೈನುಗಳ ಕೆಲಸವನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಗೂ ವಹಿಸಲಾಯಿತು. ಹೀಗೆ ಯಾರು ಯಾವುದರಲ್ಲಿ ನಿಪುಣರೋ ಅವರಿಗೆ ಆ ಕಾರ್ಯವು ದೊರೆಯಿತು. ಒಡೆತನವು ಮಾತ್ರ ಸಂಸ್ಥಾನದಲ್ಲಿಯೇ ಉಳಿಯಿತು.

ಭಾರವಾದ ಯಂತ್ರಭಾಗಗಳು ಹಡಗಿನಲ್ಲಿ ಬಂದು, ಆನೆಗಳ ನೆರವಿನಿಂದ ಶಿವನಸಮುದ್ರವನ್ನು ಮುಟ್ಟಿದವು. ಕಂಪನಿಯ ಕಡೆಯಿಂದ ಬಂದ ಎಂಜಿನಿಯರ್ ಗಿಬ್ಸ್ ಅವರು ಮುಂದೆ ಸಂಸ್ಥಾನದ ವಿದ್ಯುತ್ ಇಲಾಖೆಯಲ್ಲಿಯೇ ಸೇವೆ ಸಲ್ಲಿಸಿದರು. ಯಂತ್ರದೊಡನೆ ವಿದ್ಯೆಯೂ ನಾಡಿಗೆ ದಕ್ಕಿತು.

ಅನಾರೋಗ್ಯದಿಂದ ಶೇಷಾದ್ರಿ ಅಯ್ಯರ್ ಅವರು 1901ರಲ್ಲಿ ಅಧಿಕಾರವನ್ನು ಬಿಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಲವಾದರು. 1902ರ ಜೂನ್ ತಿಂಗಳಲ್ಲಿ ಕಾವೇರಿಯ ವಿದ್ಯುತ್ತು ಕೋಲಾರದ ಗಣಿಗಳನ್ನು ತಲಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಆ ಬೆಳಕನ್ನು ಕಾಣಲು ಅವರಿರಲಿಲ್ಲ. ಆದರೆ ಅವರು ವಿಚಾರಮಾಡಿ ಕಟ್ಟಿದ ಏರ್ಪಾಡು ಅವರಿಲ್ಲದೆಯೂ ನಡೆಯಿತು.